ಕೋಬಿ ಬಗ್ಗೆ ಜಗಳ ಆಡಿದ ನಮ್ಮ ಗ್ರೌಂಡಿನ ಮಕ್ಕಳಿಗೂ ಅವರ ಅಣ್ಣಂದಿರಿಗೂ ಒಂದು ಬಹಿರಂಗ ಪತ್ರ

ಏಪ್ರಿಲ್ 18, 2016
ಬದಿಯಡ್ಕದ ಹತ್ತಿರದಿಂದ

ಪ್ರೀತಿಯ ಮಕ್ಕಳೇ, ಮತ್ತು ಮಕ್ಕಳಿಗಿಂತ ಜೋರಾಗಿ ಕೂಗಾಡಿದ ಅವರ ಅಣ್ಣಂದಿರೇ,

ವಿಷುವಿನ ದಿನ ಸಂಜೆ ಗ್ರೌಂಡಿನಲ್ಲಿ ಎಂತ ಆಯಿತು ಅಂತ ನಿಮಗೆ ಗೊತ್ತು. ಊರಿನ ಉಳಿದವರಿಗೆ ಅರ್ಧಂಬರ್ಧ ಗೊತ್ತು. ಹಾಗಾಗಿ ಮೊದಲು ಅದನ್ನೇ ಬರೆದುಬಿಡುತ್ತೇನೆ. ಕೋಬಿ ಬ್ರಯಂಟ್ ಅನ್ನುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ತನ್ನ ಕಡೆಯ ಮ್ಯಾಚ್ ಆಡಿದ. ಅಲ್ಲಿ ಅದು ಏಪ್ರಿಲ್ 13ರ ರಾತ್ರಿ, ನಮಗೆ 14ರ ಬೆಳಗ್ಗೆ ಎಂಟು ಗಂಟೆ. ಸಂಜೆ ನೀವು ಎರಡು ಪಾಲಾಗಿ ನಿಂತು ಅವನು ದೊಡ್ಡವನೋ ಅಲ್ಲವೋ ಅಂತ ಶುರು ಮಾಡಿದಿರಿ. ಮಾತಿಗೆ ಮಾತು ಬೆಳೆದು ಒಬ್ಬನ ಅಂಗಿ ಹರಿಯಿತು. ಹೊಸ ಅಂಗಿ, ವಿಷುವಿಗೆ ತೆಗೆದದ್ದು. ಯಾರೋ ಸಿಟ್ಟಿನಲ್ಲಿ ಎಸೆದ ಬಾಲ್ ಪಕ್ಕದ ಮನೆಯ ಮಾಡಿನ ಮೇಲೆ ಬಿದ್ದು ನಾಲ್ಕು ಹಂಚು ಒಡೆಯಿತು. ಹಂಚಿನ ದುಡ್ಡು ನಾನು ಕೊಟ್ಟಿದ್ದೇನೆ, ಅದಕ್ಕಾಗಿ ಈ ಪತ್ರ ಅಲ್ಲ.

ನಿಮ್ಮ ಗಲಾಟೆಯ ನಡುವೆ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಒಂದು ಪ್ರಶ್ನೆ ಕೇಳಿದಳು. "ಕೊಲರಾಡೋದಲ್ಲಿ ಅವನ ಮೇಲೆ ಒಂದು ಕೇಸ್ ಇತ್ತಲ್ಲ, ಅದು ಎಂತ ಆಯ್ತು?" ಅಷ್ಟೇ. ಅಲ್ಲಿವರೆಗೆ ಒಬ್ಬರ ಕುತ್ತಿಗೆ ಒಬ್ಬರು ಹಿಡಿಯುತ್ತಿದ್ದ ನೀವು ಎರಡೂ ಪಾಲಿನವರು ಒಟ್ಟಾಗಿ ನಕ್ಕಿರಿ. "ನೀನು ಹೋಗಿ ಥ್ರೋಬಾಲ್ ಆಡು ಮಾರಾಯ್ತಿ" ಅಂದ ಒಬ್ಬ. ಅವಳು ಚೀಲ ಎತ್ತಿಕೊಂಡು ಹೋದಳು. ಶುಕ್ರವಾರ ಬರಲಿಲ್ಲ, ಶನಿವಾರವೂ ಬರಲಿಲ್ಲ.

ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಾ ಉಂಟು. ಈಗ ರಜೆ, ಕ್ಲಾಸಿನಲ್ಲಿ ನಿಲ್ಲಿಸಿ ಬೈಯುವ ಅವಕಾಶವೂ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ, ಎಲ್ಲರೂ ಓದುವ ಹಾಗೆ.

ನಾನು ಲೆಕ್ಕದ ಟೀಚರ್ ಅಂತ ಮಾತ್ರ ನಿಮಗೆ ಗೊತ್ತು. ಮಂಗಳೂರಿನಲ್ಲಿ ಕಾಲೇಜು ಓದುವಾಗ ಮೂರು ವರ್ಷ ಟೀಮಿನಲ್ಲಿ ಆಡಿದವಳು ನಾನು. ಬಾಲ್ ತೆಗೆದುಕೊಂಡು ಹೋಗಿ ಬೇರೆಯವರಿಗೆ ಹಂಚುವ ಕೆಲಸ ನನ್ನದು. ನಮ್ಮ ಕಡೆ ಕಬಡ್ಡಿ ಅಂದರೆ ಜನ, ಫುಟ್‌ಬಾಲ್ ಅಂದರೆ ಜನ, ವಾಲಿಬಾಲ್ ಟೂರ್ನಮೆಂಟಿಗೆ ರಾತ್ರಿ ಲೈಟ್ ಹಾಕಿ ಮೈಕ್ ಕಟ್ಟುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಡಿದ್ದೇನೆ ಅಂದರೆ ಮದುವೆಗೆ ನೋಡಲು ಬಂದವರು "ಹಾಗಂದ್ರೆ ಯಾವುದು, ಬುಟ್ಟಿಯದ್ದಾ?" ಅಂತ ಕೇಳಿದ್ದುಂಟು. ಆಗ ಮಂಗಳೂರಿನಲ್ಲಿ ನಮ್ಮ ಹಾಸ್ಟೆಲ್ ಹುಡುಗಿಯರು ಒಂದು ಇಂಗ್ಲಿಷ್ ಪತ್ರಿಕೆಯ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ್ದೆವು. ಅದರಲ್ಲಿದ್ದವನು ಈ ಕೋಬಿ. 1978ರಲ್ಲಿ ಹುಟ್ಟಿದವನು, ನನ್ನದೇ ವಯಸ್ಸು. ಅದಕ್ಕೇ ಅವನು ಅಂತ ಏಕವಚನದಲ್ಲಿ ಬರೆಯುತ್ತಿದ್ದೇನೆ, ಯಾರೂ ಬೇಜಾರು ಮಾಡಬೇಡಿ.

ಹಾಗಾಗಿ ನಾನು ಅವನ ವಿರೋಧಿ ಅಂತ ಯಾರೂ ಹೇಳುವ ಹಾಗಿಲ್ಲ. ವಿಷುವಿನ ಬೆಳಗ್ಗೆ ನಮ್ಮ ಮನೆಯಲ್ಲಿ ಎಂತ ನಡೆಯಿತು ಗೊತ್ತಾ? ದೇವರ ಮುಂದೆ ಕಣಿ ಇಟ್ಟಿತ್ತು, ಕನ್ನಡಿ, ಸೌತೆಕಾಯಿ, ಗೇರುಹಣ್ಣು, ಕಕ್ಕೆ ಹೂವು ಎಲ್ಲ. ಕಣಿ ನೋಡಿ, ಹಿರಿಯರ ಕಾಲಿಗೆ ಬಿದ್ದು, ದುಡ್ಡು ಇಸ್ಕೊಂಡ ಕೂಡಲೇ ನನ್ನ ಅಣ್ಣನ ಮಗ ಆ ದುಡ್ಡಿನಲ್ಲಿ ನೆಟ್ ಪ್ಯಾಕ್ ಹಾಕಿಸಿ ಮೊಬೈಲ್ ಹಿಡಿದು ಬಾವಿಕಟ್ಟೆಯ ಮೇಲೆ ಕೂತ. ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುವುದು. ಆಟ ಕಾಣುವುದಿಲ್ಲ, ಸ್ಕೋರ್ ಮಾತ್ರ. "ಅತ್ತೆ, ಐದು ಎಸೆದ, ಐದೂ ಹೋಯ್ತು" ಅಂತ ಶುರುವಿನಲ್ಲಿ ಅಳುಮೋರೆ ಮಾಡಿದ. ಆಮೇಲೆ ಅಂಕ ಏರತೊಡಗಿತು. ಮೂವತ್ತು ದಾಟಿತು, ನಲವತ್ತು ದಾಟಿತು. ನಾನು ಪಾಯಸಕ್ಕೆ ಕಾಯಿಹಾಲು ಹಿಂಡುವುದನ್ನು ಬಿಟ್ಟು ಬಾವಿಕಟ್ಟೆಗೆ ಹೋದೆ. ಅರವತ್ತು ಆದಾಗ ಹುಡುಗ ನಿಜವಾಗಿ ಅತ್ತ. ಅಮ್ಮ ಒಳಗಿಂದ ಓಡಿ ಬಂದು ಯಾರು ಹೋದರು ಅಂತ ಕೇಳಿದರು. ಒಬ್ಬ ಆಟಗಾರ ರಿಟೈರ್ ಆದ ಅಂದೆ. "ರಿಟೈರ್ ಆದ್ರೆ ಪೆನ್ಶನ್ ಬರ್ತದಲ್ಲ, ಅಳುವುದು ಎಂತಕ್ಕೆ?" ಅಂದರು ಅಮ್ಮ.

ಈಗ ನಿಮ್ಮ ಜಗಳಕ್ಕೆ ಬರುತ್ತೇನೆ.

ಒಂದು ಪಾಲಿನವರು ಹೇಳಿದ್ದು: ಅರವತ್ತು ಅಂಕ! ಮೂವತ್ತೇಳು ವರ್ಷದಲ್ಲಿ! ಇನ್ನೆಂತ ಬೇಕು? ಇನ್ನೊಂದು ಪಾಲಿನವರು ಹೇಳಿದ್ದು: ಐವತ್ತು ಸಲ ಎಸೆದರೆ ನಮ್ಮ ಪೋಸ್ಟ್‌ಮ್ಯಾನ್ ಕೂಡ ಅರವತ್ತು ತೆಗೆಯುತ್ತಾರೆ. (ಪೋಸ್ಟ್‌ಮ್ಯಾನ್ ಪಾಪ ಅಲ್ಲೇ ಸೈಕಲ್ ನಿಲ್ಲಿಸಿ ನೋಡುತ್ತಿದ್ದರು.) ಇಬ್ಬರೂ ಲೆಕ್ಕ ಅರ್ಧ ಮಾಡಿ ಬಿಟ್ಟಿದ್ದೀರಿ. ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನು ಅರ್ಧ ಅಂಕ ಕೊಡುವವಳು.

ಪೂರ್ತಿ ಮಾಡುವ. ಎಸೆದದ್ದು 50, ಬಿದ್ದದ್ದು 22. ಅದರಲ್ಲಿ 6 ತ್ರೀ ಪಾಯಿಂಟರ್, ಅಂದರೆ 18 ಅಂಕ. ಉಳಿದ 16ಕ್ಕೆ ಎರಡೆರಡರ ಹಾಗೆ 32. ಒಟ್ಟು 50. ಒಂದೊಂದಕ್ಕೆ ಒಂದೇ ಅಂಕ ಸಿಗುವ ಫ್ರೀ ಥ್ರೋ 12ರಲ್ಲಿ 10. ಅಲ್ಲಿಗೆ 60 ಆಯಿತು. ತಪ್ಪಿದ್ದು 28. ಅವನ ತಂಡ ಲೇಕರ್ಸ್ 101, ಎದುರಿನ ಯೂಟಾ ಜಾಝ್ 96. ಕಡೆಯ ಕ್ವಾರ್ಟರಿನಲ್ಲಿ ಅವನೊಬ್ಬನೇ 23 ಹೊಡೆದ, ಯೂಟಾದ ಇಡೀ ತಂಡ ಸೇರಿ 21. ಮ್ಯಾಚ್ ಮುಗಿಯಲು ಅರ್ಧ ನಿಮಿಷ ಇರುವಾಗ ಲೇಕರ್ಸ್‌ನ ಮುಂದೆ ತಂದದ್ದೂ ಅವನದೇ ಶಾಟ್. ಪೋಸ್ಟ್‌ಮ್ಯಾನ್ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು.

ಆದರೆ ಅದೇ ವರ್ಷದ ಉಳಿದ ಲೆಕ್ಕವೂ ಇರಲಿ. ಲೇಕರ್ಸ್ ಈ ವರ್ಷ ಗೆದ್ದದ್ದು 17, ಸೋತದ್ದು 65. ಆ ತಂಡದ ಚರಿತ್ರೆಯಲ್ಲೇ ಇಷ್ಟು ಕೆಟ್ಟ ವರ್ಷ ಇನ್ನೊಂದಿಲ್ಲ. ಕೋಬಿ ಎಸೆದದ್ದರಲ್ಲಿ ನೂರಕ್ಕೆ 36 ಕೂಡ ಬೀಳಲಿಲ್ಲ. ಆದರೂ ಎಲ್ಲ ತಂಡಗಳ ದೊಡ್ಡ ಆಟಗಾರರು ಸೇರಿ ಆಡುವ ಆಲ್‌ಸ್ಟಾರ್ ಮ್ಯಾಚಿಗೆ ಜನ ಹಾಕಿದ ಮತದಲ್ಲಿ ಅವನೇ ಮೊದಲು. ಅವನ ಒಂದು ವರ್ಷದ ಸಂಬಳ ಎರಡೂವರೆ ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ನೂರೈವತ್ತು ಕೋಟಿ ರೂಪಾಯಿಗೂ ಮೇಲೆ. ಅಲ್ಲಿ ಒಂದು ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಉಂಟು, ಒಬ್ಬನೇ ಇಷ್ಟು ತೆಗೆದುಕೊಂಡರೆ ಬೇರೆ ಒಳ್ಳೆಯವರನ್ನು ತರುವುದು ಕಷ್ಟ. ಅವನ ಹಾಗೇ ಐದು ಸಲ ಚಾಂಪಿಯನ್ ಆದ ಸ್ಯಾನ್ ಆಂಟೋನಿಯೋದ ಟಿಮ್ ಡಂಕನ್ ಸಂಬಳ ಕಡಿಮೆ ಮಾಡಿಕೊಂಡು ಆಡಿದವನು, ಈ 2016ರಲ್ಲೂ ಆಡುತ್ತಿದ್ದಾನೆ, ಅವನ ತಂಡ ಇನ್ನೂ ಗೆಲ್ಲುತ್ತಿದೆ. ಡಂಕನ್ ಹೆಸರು ನಿಮ್ಮಲ್ಲಿ ಎಷ್ಟು ಜನರ ಬಾಯಲ್ಲಿ ಬಂತು? ಒಬ್ಬನೂ ಹೇಳಲಿಲ್ಲ. ಸುಮ್ನೆ ತನ್ನ ಕೆಲಸ ಮಾಡಿ ಮನೆಗೆ ಹೋಗುವವನಿಗೆ ಫ್ಯಾನ್ ಇರುವುದಿಲ್ಲ, ಅಲ್ವಾ?

ಇಪ್ಪತ್ತು ವರ್ಷದ್ದು ಒಟ್ಟು ತೆಗೆದರೆ, 33,643 ಅಂಕ. ಎನ್‌ಬಿಎ ಅನ್ನುವ ಅವರ ದೊಡ್ಡ ಲೀಗಿನಲ್ಲಿ ಈ 2016ರ ತನಕ ಅಂಕದ ಲೆಕ್ಕದಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಮತ್ತು ಕಾರ್ಲ್ ಮಲೋನ್ ಬಿಟ್ಟರೆ ಇವನೇ. ಮೈಕಲ್ ಜೋರ್ಡನ್‌ನನ್ನು 2014ರ ಡಿಸೆಂಬರಿನಲ್ಲೇ ದಾಟಿದ. ಹಾಗೇ ಇನ್ನೊಂದು ದಾಖಲೆ ಉಂಟು, ಅದನ್ನು ಫ್ಯಾನ್‌ಗಳು ಹೇಳುವುದಿಲ್ಲ. 26,200 ಸಲ ಎಸೆದ, 11,719 ಬಿದ್ದವು. ಕಳೆಯಿರಿ. 14,481. ಇಷ್ಟು ಸಲ ತಪ್ಪಿಸಿದವನು ಎನ್‌ಬಿಎಯಲ್ಲಿ ಈ 2016ರ ತನಕ ಬೇರೆ ಯಾರೂ ಇಲ್ಲ. ವಿರೋಧಿಗಳು ಇದನ್ನು ಬೈಗುಳದ ಹಾಗೆ ಹೇಳುತ್ತಾರೆ. ನನಗೆ ಮಾತ್ರ ಇದರಲ್ಲಿ ಮರ್ಯಾದೆ ಕಾಣುತ್ತದೆ. ತಪ್ಪಿಸಿದ ಮೇಲೆ ಮತ್ತೆ ಎಸೆಯಲು ಎದೆ ಬೇಕು, ಮತ್ತು ಹದಿನಾಲ್ಕು ಸಾವಿರ ಸಲ ತಪ್ಪಿದರೂ ತಂಡದಿಂದ ತೆಗೆಯದೆ ಇಟ್ಟುಕೊಳ್ಳುವಷ್ಟು ಒಳ್ಳೆಯವನೂ ಆಗಿರಬೇಕು.

ನಿಮಗೆ ಗೊತ್ತಿರಲಿಕ್ಕಿಲ್ಲ, 1997ರ ಮೇ ತಿಂಗಳಲ್ಲಿ ಇದೇ ಯೂಟಾದ ಎದುರು, ಹದಿನೆಂಟು ವರ್ಷದ ಹುಡುಗ, ಪ್ಲೇಆಫ್ ಮ್ಯಾಚಿನ ಕಡೇ ಹೊತ್ತಿನಲ್ಲಿ ನಾಲ್ಕು ಸಲ ಎಸೆದ. ನಾಲ್ಕೂ ಏರ್‌ಬಾಲ್. ರಿಂಗಿಗೆ ತಾಗಲೂ ಇಲ್ಲ. ಲೇಕರ್ಸ್ ಸೋತು ಮನೆಗೆ ಹೋಯಿತು. ನಮ್ಮ ಗ್ರೌಂಡಿನಲ್ಲಿ ಒಂದು ಏರ್‌ಬಾಲ್ ಎಸೆದವನಿಗೆ ನೀವು ಒಂದು ವಾರ ಹೆಸರಿಟ್ಟು ಕರೆಯುತ್ತೀರಿ. ಅವನು ಅದೇ ಊರಿನವರ ಎದುರು ಹತ್ತೊಂಬತ್ತು ವರ್ಷ ಬಿಟ್ಟು ಅರವತ್ತು ಹೊಡೆದು ಬಾಗಿಲು ಹಾಕಿಕೊಂಡ. ಹಾಸ್ಟೆಲ್ ಗೋಡೆಯಲ್ಲಿ ಅವನ ಚಿತ್ರ ಇಟ್ಟುಕೊಂಡವಳಿಗೆ ಇದು ಸಂತೋಷ ಕೊಡದೆ ಇರುತ್ತದಾ?

ಪಾಸ್ ಕೊಡುವುದಿಲ್ಲ ಅನ್ನುವ ದೂರಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳಲಿಕ್ಕುಂಟು, ಯಾಕಂದರೆ ಪಾಸ್ ಕೊಡುವುದೇ ನನ್ನ ಕೆಲಸವಾಗಿತ್ತು. 2006ರ ಜನವರಿಯಲ್ಲಿ ಟೊರಾಂಟೋ ಎದುರು 81 ಹೊಡೆದ. ಅದಕ್ಕಿಂತ ದೊಡ್ಡದು 1962ರಲ್ಲಿ ವಿಲ್ಟ್ ಚೇಂಬರ್ಲೇನ್ ಹೊಡೆದ 100 ಮಾತ್ರ. ಆಗ ಜನ ಹೇಳಿದ್ದು, ಇವನಿಗೆ ಉಳಿದ ನಾಲ್ವರು ಕಾಣುವುದೇ ಇಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಫೀನಿಕ್ಸ್ ಎದುರು ಏಳನೇ ಮ್ಯಾಚ್, ಸೋತರೆ ಮನೆಗೆ. ಎರಡನೇ ಅರ್ಧದಲ್ಲಿ ಅವನು ಬರೀ ಮೂರು ಸಲ ಎಸೆದ, ಸಿಕ್ಕಿದ್ದು ಒಂದೇ ಅಂಕ. ಆಗ ಜನ ಹೇಳಿದ್ದು, ನೋಡಿ ಬೇಕೆಂದೇ ಕೈ ಬಿಟ್ಟ. ಎಸೆದರೂ ತಪ್ಪು, ಎಸೆಯದಿದ್ದರೂ ತಪ್ಪು. ಆಮೇಲೆ 2010ರ ಫೈನಲ್, ಬಾಸ್ಟನ್ ಎದುರು ಏಳನೇ ಮ್ಯಾಚ್. ಅವನ ಕೈ ಓಡಲೇ ಇಲ್ಲ, 24ರಲ್ಲಿ 6 ಬಿತ್ತು. ಆದರೆ 15 ರೀಬೌಂಡ್ ತೆಗೆದ, ಅಂದರೆ ತಪ್ಪಿ ವಾಪಸ್ ಬಂದ ಬಾಲನ್ನು ಅಷ್ಟು ಸಲ ಹಿಡಿದ. ಕಡೆಯ ನಿಮಿಷದ ಹೊತ್ತಿಗೆ ಬಾಲನ್ನು ತನ್ನದೇ ತಂಡದ ರಾನ್ ಆರ್ಟೆಸ್ಟ್ ಕೈಗೆ ಕೊಟ್ಟ, ಅವನು ತ್ರೀ ಹೊಡೆದ, 83-79ರಲ್ಲಿ ಗೆದ್ದರು. ಕೋಬಿ ನನಗೆ ಪಾಸ್ ಕೊಟ್ಟ ಅಂತ ಆರ್ಟೆಸ್ಟ್ ಆಮೇಲೆ ಮೈಕ್ ಮುಂದೆ ಮಕ್ಕಳ ಹಾಗೆ ಕುಣಿದ. ಐದನೇ ಕಪ್ ಬಂದದ್ದು ಹಾಗೆ.

ಕಡೆಯ ಮ್ಯಾಚ್ ಮುಗಿಸಿ ಅವನು ಮೈಕ್ ಹಿಡಿದು ಇದನ್ನೇ ತಮಾಷೆ ಮಾಡಿದ. ಇಪ್ಪತ್ತು ವರ್ಷ ಎಲ್ಲರೂ ಪಾಸ್ ಮಾಡು ಅಂತ ಕಿರುಚುತ್ತಿದ್ದರು, ಇವತ್ತು ಪಾಸ್ ಮಾಡಬೇಡ ಅನ್ನುತ್ತಿದ್ದಾರೆ ಅಂತ. ತನ್ನ ಮೇಲಿನ ದೂರು ಅವನಿಗೆ ಬಾಯಿಪಾಠ ಬರುತ್ತಿತ್ತು. ನಿಮಗೇ ಬರುವುದಿಲ್ಲ! ನಮ್ಮ ಗ್ರೌಂಡಿನಲ್ಲಿ ಮೂರು ಜನ ಎದುರು ನಿಂತಿದ್ದರೂ ಹಿಂದಕ್ಕೆ ಬಗ್ಗಿ ಎಸೆದು "ಕೋಬಿ!" ಅಂತ ಕೂಗುವವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಕ್ಲಾಸಿನಲ್ಲಿ ಕಾಗದದ ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆಯುವಾಗಲೂ ಅದೇ ಕೂಗು. ಮಕ್ಕಳೇ, ಹಾಗೆ ಬಗ್ಗಿ ಎಸೆಯುವುದಕ್ಕೆ ಮುಂಚೆ ಅವನು ಕಾಲು ಎಲ್ಲಿ ಇಡುತ್ತಿದ್ದ ಅಂತ ಒಂದು ಸಲ ನೋಡಿ. ಮತ್ತೆ ಕೂಗಿ.

ಇನ್ನು ಗಟ್ಟಿತನದ ವಿಷಯ. ಹಿಮ್ಮಡಿಯ ನರ ಹರಿದ ಮೇಲೂ ನಡೆದುಕೊಂಡು ಬಂದು ಎರಡು ಫ್ರೀ ಥ್ರೋ ಹಾಕಿದ, ಹಾಗೆ ಮಾಡಿದವರು ಬೇರೆ ಯಾರಿದ್ದಾರೆ ಅಂತ ಒಬ್ಬ ಕೇಳಿದ. 2013ರ ಏಪ್ರಿಲ್, ಗೋಲ್ಡನ್ ಸ್ಟೇಟ್ ಎದುರು, ಹೌದು, ಎರಡೂ ಬಿತ್ತು. ಆದರೆ ಬೇರೆ ಯಾರಿದ್ದಾರೆ ಅಂತ ಕೇಳುವವನು ನಿಂತದ್ದು ಎಲ್ಲಿ? ಕುಂಬಳೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಆಗದ ದೂರದಲ್ಲಿ. ನಮ್ಮ ಈ ಕುಂಬಳೆಯ ಹೆಸರನ್ನು ತನ್ನ ಹೆಸರಿನ ಹಿಂದೆ ಹೊತ್ತುಕೊಂಡ ಒಬ್ಬರು 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದ ಮೇಲೆ ಮುಖಕ್ಕೆ ಬ್ಯಾಂಡೇಜ್ ಸುತ್ತಿ 14 ಓವರ್ ಹಾಕಿ ಬ್ರಯಾನ್ ಲಾರಾನ ವಿಕೆಟ್ ತೆಗೆದಿದ್ದಾರೆ. 2008ರಲ್ಲಿ ದೆಹಲಿ ಟೆಸ್ಟ್ ನಡೆಯುವಾಗ ಎಡಗೈ ಬೆರಳಿಗೆ ಹನ್ನೊಂದು ಹೊಲಿಗೆ ಬಿತ್ತು. ಇನ್ನು ನನ್ನಿಂದ ಪೂರ್ತಿ ಕೊಡಲು ಆಗುವುದಿಲ್ಲ ಅಂತ ಅನ್ನಿಸಿದ ಕೂಡಲೇ, ಸರಣಿ ಮುಗಿಯುವ ತನಕವೂ ಕಾಯದೆ, 619 ವಿಕೆಟ್ ಇಟ್ಟುಕೊಂಡು ಹೊರಟರು. ಊರೂರಿಗೆ ಹೋಗಿ ಬೀಳ್ಕೊಡುಗೆ ತೆಗೆದುಕೊಳ್ಳಲಿಲ್ಲ. ಕೋಬಿ ನವೆಂಬರಿನಲ್ಲಿ ಒಂದು ಪದ್ಯ ಬರೆದು ನಿವೃತ್ತಿ ಹೇಳಿ, ಆಮೇಲೆ ನಾಲ್ಕೂವರೆ ತಿಂಗಳು ಹೋದಲ್ಲೆಲ್ಲ ಚಪ್ಪಾಳೆ, ಉಡುಗೊರೆ. ಎರಡೂ ರೀತಿ ಸರಿಯೇ ಇರಬಹುದು. ಆದರೆ ನನ್ನನ್ನು ಕೇಳಿದರೆ ಕುಂಬ್ಳೆಯವರ ರೀತಿ ನನಗೆ ಹತ್ತಿರ. ನಮ್ಮ ಯಕ್ಷಗಾನ ಮೇಳದಲ್ಲೂ ನೋಡಿದ್ದೇನೆ, ಕಾಲು ಸೋತ ವೇಷಧಾರಿಗೆ ಜನ ಚಪ್ಪಾಳೆ ಹೊಡೆಯುವಾಗ ಅದು ಇವತ್ತಿನ ಕುಣಿತಕ್ಕೋ ಹಿಂದಿನ ಕುಣಿತಕ್ಕೋ ಅಂತ ಅವರಿಗೇ ಗೊತ್ತಿರುತ್ತದೆ, ಕಣ್ಣಿನಲ್ಲಿ ಕಾಣುತ್ತದೆ. ಅವತ್ತು ಒಂದು ರಾತ್ರಿ ಮಾತ್ರ ಕೋಬಿ ಇವತ್ತಿನ ಕುಣಿತಕ್ಕೇ ಚಪ್ಪಾಳೆ ಗಿಟ್ಟಿಸಿದ.

ಅದೇ ದಿನ ಗೋಲ್ಡನ್ ಸ್ಟೇಟ್ ತಂಡ ಈ ಸೀಸನ್ನಿನ 73ನೇ ಗೆಲುವು ಪಡೆಯಿತು, ಶಿಕಾಗೋದ ಇಪ್ಪತ್ತು ವರ್ಷದ 72ರ ದಾಖಲೆ ಮುರಿಯಿತು, ಆ ತಂಡದ ಸ್ಟೀಫನ್ ಕರಿ ಒಂದೇ ಸೀಸನ್ನಿನಲ್ಲಿ 402 ತ್ರೀ ಹೊಡೆದ. ಕರಿಯ ಪಾಲಿನವರು ಇದನ್ನು ಹೇಳಲು ಬಾಯಿ ತೆರೆದಾಗಲೇ ಅಂಗಿ ಹರಿದದ್ದು ಅಂತ ಕೇಳಿದೆ. ಅದನ್ನು ಇನ್ನೊಂದು ದಿನ ಮಾತಾಡುವ.

ಈಗ ಕೊಲರಾಡೋ.

ಅವಳು ಕೇಳಿದ್ದಕ್ಕೆ ನಿಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ, ಆದ್ದರಿಂದ ನಾನು ಕೊಡುತ್ತೇನೆ. 2003ರ ಬೇಸಿಗೆಯಲ್ಲಿ ಕೋಬಿ ಮಂಡಿಯ ಆಪರೇಷನ್‌ಗೆ ಅಂತ ಕೊಲರಾಡೋಗೆ ಹೋಗಿ ಒಂದು ಹೋಟೆಲಿನಲ್ಲಿ ಉಳಿದಿದ್ದ. ಅಲ್ಲಿ ಕೆಲಸ ಮಾಡುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗಿ, ಇವನು ನನ್ನ ಮೇಲೆ ಬಲಾತ್ಕಾರ ಮಾಡಿದ ಅಂತ ಪೊಲೀಸರಿಗೆ ದೂರು ಕೊಟ್ಟಳು. ಕೇಸ್ ದಾಖಲಾಯಿತು. ಇಬ್ಬರ ಒಪ್ಪಿಗೆಯಿಂದಲೇ ಆದದ್ದು ಅಂತ ಅವನು ಹೇಳಿದ. ಮುಂದಿನ ಒಂದು ವರ್ಷ ಆ ಹುಡುಗಿಯ ಹೆಸರು ಹೊರಗೆ ಬಂತು, ಕೊಲ್ಲುತ್ತೇವೆ ಅನ್ನುವ ಬೆದರಿಕೆಗಳು ಬಂದವು, ಅವಳ ನಡತೆಯ ಬಗ್ಗೆ ದೇಶವೆಲ್ಲ ಮಾತಾಡಿತು. ಅವನು ಕೋರ್ಟಿಗೂ ಹೋಗುತ್ತಿದ್ದ, ಮ್ಯಾಚೂ ಆಡುತ್ತಿದ್ದ, ಚಪ್ಪಾಳೆಯೂ ಬೀಳುತ್ತಿತ್ತು. 2004ರ ಸೆಪ್ಟೆಂಬರಿನಲ್ಲಿ ಅವಳು ಸಾಕ್ಷಿ ಹೇಳಲು ಮುಂದೆ ಬರುವುದಿಲ್ಲ ಅಂದ ಮೇಲೆ ಕೇಸ್ ಕೈಬಿಟ್ಟರು. ಅದೇ ಹೊತ್ತಿಗೆ ಅವನದೊಂದು ಹೇಳಿಕೆ ಬಂತು. ಒಪ್ಪಿಗೆ ಇತ್ತು ಅಂತ ತಾನು ನಂಬಿದ್ದೆ, ಆದರೆ ಅವಳು ಅದನ್ನು ಹಾಗೆ ನೋಡಿಲ್ಲ, ನೋಡುತ್ತಲೂ ಇಲ್ಲ ಅಂತ ಈಗ ಅರ್ಥವಾಗಿದೆ ಅಂತ ಹೇಳಿ ಕ್ಷಮೆ ಕೇಳಿದ. ಅವಳು ಹಾಕಿದ ಸಿವಿಲ್ ದಾವೆ 2005ರಲ್ಲಿ ಕೋರ್ಟಿನ ಹೊರಗೆ ಇತ್ಯರ್ಥ ಆಯಿತು. ನಡೆದದ್ದು ಇಷ್ಟು. ಯಾವ ಕೋರ್ಟೂ ಅವನನ್ನು ತಪ್ಪಿತಸ್ಥ ಅನ್ನಲಿಲ್ಲ. ಯಾವ ಕೋರ್ಟೂ ಪೂರ್ತಿ ವಿಚಾರಣೆ ಮಾಡಿ ನಿರ್ದೋಷಿ ಅಂತಲೂ ಅನ್ನಲಿಲ್ಲ.

"ಕೇಸ್ ಬಿದ್ದುಹೋಯ್ತು ಅಂದ್ಮೇಲೆ ಮುಗೀತು ಟೀಚರ್" ಅಂತ ನಿನ್ನೆ ಒಬ್ಬ ನನಗೆ ಪೇಟೆಯಲ್ಲಿ ಹೇಳಿದ. ಮುಗಿದದ್ದು ಕೋರ್ಟಿನ ಕೆಲಸ. ದೊಡ್ಡವನೋ ಅಲ್ಲವೋ ಅಂತ ಬೀದಿಯಲ್ಲಿ ಅಂಗಿ ಹರಿದುಕೊಳ್ಳುವಾಗ ನೀವು ಕೋರ್ಟಿನ ಮಾತು ಆಡುತ್ತಿರಲಿಲ್ಲವಲ್ಲ? ಅವನ ಹಠ, ಅವನ ಮುಂಜಾನೆಯ ಅಭ್ಯಾಸ, ನೋವಿನಲ್ಲಿ ಆಡಿದ್ದು, ಎಲ್ಲವನ್ನೂ ಅವನ ಗುಣ ಅಂತ ಲೆಕ್ಕಕ್ಕೆ ಹಿಡಿದಿರಿ. ಗುಣದ ಲೆಕ್ಕ ತೆಗೆದವರು ನೀವೇ. ಅದರಲ್ಲಿ ಒಂದು ಸಾಲು ಬಿಟ್ಟದ್ದು ಯಾಕೆ ಅಂತ ಅವಳು ಕೇಳಿದಳು. 8ನೇ ನಂಬರಿನ ಕೋಬಿ, 24ನೇ ನಂಬರಿನ ಕೋಬಿ ಅಂತ ನೀವು ಇಬ್ಬರನ್ನು ಮಾಡಿಕೊಂಡಿದ್ದೀರಿ, ಮೊದಲಿನವನು ಹಾಗೆ, ಎರಡನೆಯವನು ಹೀಗೆ ಅಂತ. 2006ರಲ್ಲಿ ಬನಿಯನ್ ಬದಲಾಯಿತು ಮಾರಾಯರೇ, ಒಳಗಿದ್ದವನು ಒಬ್ಬನೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾದದ್ದು ನಮ್ಮ ಊರಿನಲ್ಲಿ ಹೀಗಾಯಿತಲ್ಲ ಅಂತ. ತಾಳಮದ್ದಳೆ ಕೇಳಿ ಬೆಳೆದ ಊರು ಇದು. ನನ್ನ ಅಪ್ಪ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಟಾರ್ಚ್ ಹಿಡಿದು ಗುಡ್ಡ ಹತ್ತಿ ಇಳಿದು ಹೋಗುತ್ತಿದ್ದರು, ನನ್ನನ್ನೂ ಕರೆದುಕೊಂಡು. ವಾಲಿ ಬಾಣ ತಾಗಿ ಬಿದ್ದಿರುತ್ತಾನೆ. ಬಿದ್ದಲ್ಲಿಂದಲೇ ರಾಮನನ್ನು ಕೇಳುತ್ತಾನೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಎಂತ ಹಗೆ ಇತ್ತು? ಅಲ್ಲಿ ಕೂತವರೆಲ್ಲ ರಾಮನಿಗೆ ಕೈ ಮುಗಿಯುವವರು. ಭಾಗವತರು ರಾಮನಿಗೆ ಕೈ ಮುಗಿದೇ ಪದ ಶುರು ಮಾಡಿದವರು. ಆದರೂ ವಾಲಿಯ ಬಾಯಿ ಯಾರೂ ಮುಚ್ಚಿಸುವುದಿಲ್ಲ. ಗಂಟೆಗಟ್ಟಲೆ ಕೇಳಲು ಬಿಡುತ್ತಾರೆ, ರಾಮನ ಅರ್ಥ ಹೇಳುವವರು ಬೆವರು ಒರೆಸಿಕೊಂಡು ಉತ್ತರ ಕೊಡಬೇಕು. ಉತ್ತರ ಸಾಲದೆ ಹೋದರೆ ಮರುದಿನ ಹೋಟೆಲಿನಲ್ಲಿ ಚಾ ಕುಡಿಯುವಾಗ ಜನ ಹೇಳುತ್ತಾರೆ, ನಿನ್ನೆ ರಾಮ ಸ್ವಲ್ಪ ಸೋತ ಅಂತ. ಹಾಗೆ ಹೇಳಿದವರು ರಾಮನವಮಿಗೆ ಪಾನಕ ಕುಡಿಯುವುದನ್ನು ಬಿಟ್ಟಿಲ್ಲ. ಇಂಥ ಊರಿನ ಮಕ್ಕಳು, ಲಾಸ್ ಏಂಜಲೀಸಿನ ಒಬ್ಬ ಆಟಗಾರನ ಬಗ್ಗೆ ಒಬ್ಬಳು ಹುಡುಗಿ ಒಂದು ಪ್ರಶ್ನೆ ಕೇಳಿದರೆ ಥ್ರೋಬಾಲ್ ಆಡಲು ಕಳಿಸುತ್ತಾರೆ!

ಅವನ ಚಿತ್ರ ಹರಿಯಿರಿ ಅಂತ ನಾನು ಹೇಳುತ್ತಿಲ್ಲ. ನನ್ನ ಅಣ್ಣನ ಮಗನ ಕೋಣೆಯಲ್ಲಿ ಇನ್ನೂ ಉಂಟು, ನಾನು ತೆಗೆಯಲಿಲ್ಲ. ಕೇಳಿದರೆ ನಾನು ಅವನನ್ನು ಈಗಲೂ ನಾನು ನೋಡಿದ ಐದಾರು ದೊಡ್ಡ ಆಟಗಾರರಲ್ಲಿ ಇಡುತ್ತೇನೆ, ಜೋರ್ಡನ್‌ಗಿಂತ ಕೆಳಗೆ, ಡಂಕನ್‌ನ ಪಕ್ಕದಲ್ಲಿ, ಡಂಕನ್ ಒಂದು ಕೂದಲೆಳೆ ಮೇಲೆ. ಆದರೆ ಆ ಹುಡುಗಿ ಕೇಳಿದ್ದನ್ನು ನಾನೇ ಹದಿಮೂರು ವರ್ಷದಿಂದ ಗಟ್ಟಿಯಾಗಿ ಕೇಳಿಕೊಂಡಿರಲಿಲ್ಲ. 2003ರಲ್ಲಿ ಪೇಪರಿನಲ್ಲಿ ಓದಿದ್ದೆ, ಮಡಚಿ ಇಟ್ಟಿದ್ದೆ. ಅದೂ ಬರೆದಿಡುತ್ತೇನೆ, ನಿಮ್ಮನ್ನು ಮಾತ್ರ ಬೈದ ಹಾಗೆ ಆಗಬಾರದಲ್ಲ.

ಇನ್ನೊಂದು ವಿಷಯ, ಕೋಬಿಗೂ ನಿಮಗೂ ಒಂದು ಹೋಲಿಕೆ ಉಂಟು, ನಿಮಗೆ ಇಷ್ಟ ಆಗಬಹುದು. ಅವನ ಅಪ್ಪ ಇಟಲಿಯಲ್ಲಿ ಆಡುತ್ತಿದ್ದರು, ಅವನು ಆರನೇ ವರ್ಷದಿಂದ ಹದಿಮೂರರ ತನಕ ಬೆಳೆದದ್ದು ಅಲ್ಲಿ. ಇಟಾಲಿಯನ್ ಮಾತಾಡುತ್ತಿದ್ದ. ಅಮೆರಿಕಕ್ಕೆ ವಾಪಸ್ ಬಂದಾಗ ಅಲ್ಲಿನ ಮಕ್ಕಳ ಮಾತು ಇವನಿಗೆ ಹೊಸದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಮಾತಾಡಿ, ಮಂಗಳೂರಿಗೆ ಹೋದರೆ ಕೇರಳದವರು ಅಂತ, ಕಣ್ಣೂರಿಗೆ ಹೋದರೆ ಕನ್ನಡದವರು ಅಂತ ಅನ್ನಿಸಿಕೊಳ್ಳುವ ನಿಮಗೆ ಅದು ಎಂಥದು ಅಂತ ಬೇರೆ ಹೇಳಬೇಕಾಗಿಲ್ಲ. ಹೊರಗಿನವರು ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಅಂತ ಗೊತ್ತಿದ್ದೂ ಆ ಹುಡುಗಿಯನ್ನು ಗ್ರೌಂಡಿನಿಂದ ಹೊರಗೆ ಹಾಕಿದಿರಿ.

ನಿನ್ನೆ, ಭಾನುವಾರ, ನಾನು ಅವಳ ಮನೆಗೆ ಹೋಗಿದ್ದೆ. ಹಲಸಿನಕಾಯಿ ಹಪ್ಪಳ ಒಣಗಿಸುತ್ತಿದ್ದಳು. ಅವಳ ಅಮ್ಮ ಹೇಳಿದರು, ಇವಳಿಗೆ ಆ ಗಂಡು ಮಕ್ಕಳ ನಡುವೆ ಎಂತ ಕೆಲಸ ಟೀಚರ್ ಅಂತ. ನಾನು ಹೆಚ್ಚು ವಾದ ಮಾಡಲಿಲ್ಲ. ಸಂಜೆ ಗ್ರೌಂಡಿಗೆ ಬಾ, ನನ್ನ ಮಂಡಿ ಸರಿ ಇಲ್ಲ, ನಾನು ಬಾಲ್ ಹೆಕ್ಕಿ ಕೊಡುತ್ತೇನೆ, ನೀನು ಎಸಿ ಅಂದೆ. ಬಂದಳು. ನೀವು ಯಾರೂ ಇರಲಿಲ್ಲ, ಎಲ್ಲ ಚುನಾವಣಾ ಮೆರವಣಿಗೆ ನೋಡಲು ಪೇಟೆಗೆ ಹೋಗಿದ್ದಿರಿ. ಇಪ್ಪತ್ತು ಎಸೆದಳು, ಏಳು ಬಿತ್ತು. ನೂರಕ್ಕೆ 35, ಕೋಬಿಯ ಈ ವರ್ಷದ ಲೆಕ್ಕಕ್ಕೆ ಹತ್ತಿರ ಹತ್ತಿರ ಬಂತು ಅಂದೆ. ನಕ್ಕಳು. ಕೋಬಿಯ ಫ್ಯಾನಾ ನೀನು ಅಂತ ಕೇಳಿದೆ. "ಹೌದು ಟೀಚರ್, ಅದಕ್ಕೇ ಕೇಳಿದ್ದು" ಅಂದಳು.

ಇವತ್ತು ನಾಲ್ಕೂವರೆಗೆ ಅವಳು ಬರುತ್ತಾಳೆ, ಜೊತೆಗೆ ಇನ್ನಿಬ್ಬರು ಹುಡುಗಿಯರೂ ಬರುತ್ತಾರೆ. ನಾನೂ ಇರುತ್ತೇನೆ. ಜಗಳ ಆಡಬೇಕು ಅಂತ ಇದ್ದರೆ ಬನ್ನಿ, ಕೂತು ಆಡುವ, ಕರಿಯ ಪಾಲಿನವರೂ ಬನ್ನಿ, ಒಬ್ಬೊಬ್ಬರಾಗಿ ಮಾತಾಡಿ, ಅವಳು ಕೇಳಿದರೆ ಉತ್ತರ ಕೊಡಿ. ರಿಂಗಿನ ಕಂಬಕ್ಕೆ ಯಾರೋ ಒಂದು ಪಕ್ಷದ ಬ್ಯಾನರ್ ಕಟ್ಟಿ ಹೋಗಿದ್ದಾರೆ, ಬೋರ್ಡ್ ಅರ್ಧ ಕಾಣುವುದಿಲ್ಲ, ಉದ್ದ ಇರುವವರು ಹತ್ತಿ ಬಿಚ್ಚಿ, ಹರಿಯದೆ ಮಡಚಿ ಅವರ ಆಫೀಸಿಗೆ ಕೊಟ್ಟು ಬನ್ನಿ. ಬಾಲ್ ಯಾರ ಮನೆಯಲ್ಲಿ ಉಂಟೋ ಅವರು ತನ್ನಿ. ಬರುವಾಗ ಸೈಕಲ್ ಅಂಗಡಿಯಲ್ಲಿ ಗಾಳಿ ಹಾಕಿಸಿಕೊಂಡು ಬನ್ನಿ, ನಿನ್ನೆ ತುಂಬಾ ಮೆತ್ತಗಿತ್ತು.

ನಿಮ್ಮ
ಲೆಕ್ಕದ ಟೀಚರ್